ಹಸಿದು ಹೋಗಬಾರದಂತೆ

ನಮ್ಮ ಸಾಹೇಬರಿಗೆ ಆ ವರ್ಷ ಶ್ವಾಸಕೋಶದ ಹುಚ್ಚು ಹಿಡಿಯಿತು. ಅಮೆರಿಕದಲ್ಲಿ ಯಾರೋ ಸರ್ಜನ್ ಸತ್ತವನ ಶ್ವಾಸಕೋಶ ತೆಗೆದು ಬದುಕಿದ್ದವನ ಎದೆಗೆ ಹೊಲಿದಿದ್ದಾರೆ ಎಂಬ ಸುದ್ದಿ ವೈದ್ಯಕೀಯ ಪತ್ರಿಕೆ ಹಿಡಿದು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಆ ರೋಗಿ ಸತ್ತು ಎಷ್ಟೋ ತಿಂಗಳಾಗಿತ್ತು. ಪಾಪ, ಅವನು ಮೂರು ವಾರವೂ ಬದುಕಿರಲಿಲ್ಲ. ಸಾಹೇಬರು ಆ ಸಾಲನ್ನು ಓದಲೇ ಇಲ್ಲವೋ, ಓದಿ ನುಂಗಿಕೊಂಡರೋ, ದೇವರೇ ಬಲ್ಲ. "ಇನ್ನ ಏಷ್ಯಾದಾಗ ಮೊದಲನೇದು ನಮ್ಮದ ಆಗಬೇಕು" ಎಂದು ಮೇಜು ಕುಟ್ಟಿದರು. ಸುತ್ತ ನಿಂತಿದ್ದ ಸಹಾಯಕರೆಲ್ಲ ಕೋಲೆಬಸವನ ಹಾಗೆ ತಲೆ ಆಡಿಸಿದರು.

ಸಾಹೇಬರು ಎಂದರೆ ನಮ್ಮ ಆಸ್ಪತ್ರೆಯ ಮುಖ್ಯ ಸರ್ಜನ್. ವಿಲಾಯಿತಿಯಲ್ಲಿ ಕಲಿತು ಬಂದವರು, ಏಪ್ರಿಲ್ ಬಿಸಿಲಿನಲ್ಲೂ ಟೈ ಸಡಿಲಿಸದವರು. ನಾನು ಅವರ ಟೇಬಲ್ಲಿಗೆ ಅರಿವಳಿಕೆ ಕೊಡುತ್ತಿದ್ದೆ. ರೋಗಿಗಳ ಬಾಯಲ್ಲಿ ನಾನು ಬಾಯಾರು, ಅಂದರೆ ಡಾಕ್ಟರಮ್ಮ. ಸಾಹೇಬರ ಬಾಯಲ್ಲಿ ಮಾತ್ರ "ಗ್ಯಾಸ್ ಬಿಡೂ ಬಾಯಿ". ಅದೂ ನನ್ನ ಬೆನ್ನ ಹಿಂದೆ, ಆದರೆ ನನಗೆ ಕೇಳಿಸುವಷ್ಟು ಹತ್ತಿರದಲ್ಲಿ.

ಸಾಹೇಬರ ಏಷ್ಯಾಕ್ಕೆ ಬೇಕಾದ ರೋಗಿ ಗಂಡಸರ ವಾರ್ಡಿನ ಮೂಲೆಯಲ್ಲಿ ಆಗಲೇ ಕೂತಿದ್ದ. ಮಲಗಿದ್ದ ಎನ್ನಲಾರೆ. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿಯ ಕೆಲಸ ಮಾಡಿದವನು, ಇನ್ನೂ ನಲವತ್ತರ ಒಳಗಿನವನು. ಹಳೆಯ ಕ್ಷಯ ಅವನ ಎಡಗಡೆಯ ಶ್ವಾಸಕೋಶವನ್ನು ತಿಂದು ಮುಗಿಸಿತ್ತು, ಬಲಗಡೆಯದು ಅರ್ಧಮರ್ಧ ನಡೆಯುತ್ತಿತ್ತು. ಬೆನ್ನು ಹಾಸಿಗೆಗೆ ತಾಗಿದರೆ ಉಸಿರು ಕಟ್ಟುತ್ತಿತ್ತು. ಬೆನ್ನಿಗೆ ದಿಂಬುಗಳನ್ನು ಒಟ್ಟಿಕೊಂಡು, ಮೊಣಕಾಲ ಮೇಲೆ ಹಣೆಯಿಟ್ಟು, ಕೂತಲ್ಲೇ ನಿದ್ದೆ ಮಾಡುವುದನ್ನು ಕಲಿತಿದ್ದ.

ಒಂದು ದಿನ ಅವನ ಎದೆ ನೋಡಲು ಹೋದಾಗ ಕೇಳಿದ. ಒಂದೊಂದು ಮಾತಿಗೂ ನಿಂತು ಉಸಿರು ತುಂಬಿಕೊಳ್ಳಬೇಕಾಗಿತ್ತು.

"ಬಾಯಾರ... ಹೊಸಾದು ಹಾಕಿದ್ರ... ಅಂಗಾತ ಮಲಗಾಕ ಬರತೈತೇನ್ರಿ?"

"ಬರಬಹುದು ತಮ್ಮಾ."

"ಒಂದ ಸರ್ತಿ... ಕಾಲು ಚಾಚಿ ಅಂಗಾತ ಮಲಗಿ... ನಿದ್ದಿ ಮಾಡಬೇಕ್ರಿ. ಆಮ್ಯಾಲ ಏನರ ಆಗಲಿ."

ಅವನ ಹೆಂಡತಿ ಮಂಚದ ಕಾಲು ಹಿಡಿದು ಕೂತಿದ್ದಳು. "ಸಾಹೇಬ್ರು ಹಾಕ್ತೇನಿ ಅಂದಾರ್ರಿ. ನಮಗೇನ್ ತಿಳಿತೈತ್ರಿ? ನೀವೇನಂತೀರಿ?"

"ಚಲೋದು ಸಿಕ್ಕರ ಹಾಕಿಸಿಕೊಳ್ರಿ" ಎಂದೆ. "ಚಲೋದು ಹೌದೋ ಅಲ್ಲೋ ನೋಡೂದು ನನ್ನ ಕೆಲಸ. ಕೆಟ್ಟದ್ದನ್ನ ನಿನ್ನ ಗಂಡನ ಎದಿಯಾಗ ಇಡಗೊಡೂದಿಲ್ಲ, ನೋಡವಾ."

ಆ ಕೆಲಸವನ್ನು ನನಗೆ ವಹಿಸಿದವರು ಸಾಹೇಬರೇ. ಎಲ್ಲರೆದುರು, ಉದಾರವಾಗಿ: "ದಾನಿಯ ಶ್ವಾಸಕೋಶ ಪರೀಕ್ಷಾ ಬಾಯಾರ ಮಾಡ್ತಾರ. ಅವರು ಹೂಂ ಅಂದ ಮ್ಯಾಲೇ ನಾ ಚಾಕು ಹಿಡೀತೇನಿ." ಹೆಣ್ಣುಮಗಳು ಹೂಂ ಎನ್ನದೆ ಇನ್ನೇನೆಂದಾಳು ಎಂಬುದು ಅವರ ಎಣಿಕೆ.

ಮೊದಲು ನಾಯಿಗಳ ಮೇಲೆ ಪ್ರಯೋಗ. ಶವಾಗಾರದ ಹಿಂದಿನ ತಗಡಿನ ಶೆಡ್ಡು ನಮ್ಮ ಪ್ರಯೋಗಶಾಲೆಯಾಯಿತು. ಮುನಸಿಪಾಲಿಟಿಯವರು ಬೀದಿನಾಯಿಗಳನ್ನು ಹಿಡಿದು ತಂದು ಬಿಡುತ್ತಿದ್ದರು. ಒಂದು ನಾಯಿ ದಾನಿ, ಅದು ಸಾಯುತ್ತದೆ. ಇನ್ನೊಂದು ಪಡೆಯುವ ನಾಯಿ, ಅದು ಬದುಕಬೇಕು. ದಾನಿಯ ಎಡ ಶ್ವಾಸಕೋಶ ತೆಗೆದು ಇನ್ನೊಂದರ ಎಡಗಡೆಗೆ ಹೊಲಿಯುವುದು. ಪಡೆಯುವ ನಾಯಿಗೆ ನಾನೇ ಅರಿವಳಿಕೆ ಕೊಟ್ಟು ತಯಾರು ಮಾಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ದಾನಿ ನಾಯಿಯನ್ನು ಮಲಗಿಸಿ, ಗಂಟಲಿಗೆ ನಳಿಕೆ ಇಳಿಸಿ, ಎದೆ ತೆರೆಯುವ ಕೆಲಸ ಸಾಹೇಬರ ಸಹಾಯಕರದು. ಎದೆ ತೆರೆದ ಮೇಲೆ ನನ್ನನ್ನು ಕರೆಯುತ್ತಿದ್ದರು.

ಹೇಗೆ ನೋಡುವುದು? ಹೇಳಿಕೊಡುವವರು ಯಾರೂ ಇರಲಿಲ್ಲ, ನಾನೇ ಒಂದು ಕ್ರಮ ಮಾಡಿಕೊಂಡೆ. ಮೊದಲು ಎಕ್ಸ್-ರೇ. ಎದೆ ತೆರೆದ ಮೇಲೆ ರಬ್ಬರ್ ಚೀಲ ಒತ್ತಿ ಗಾಳಿ ತುಂಬಿ ಬಣ್ಣ ನೋಡುವುದು. ರೈಲ್ವೆ ಹೊಗೆ ಕುಡಿದು ಬೆಳೆದ ಹುಬ್ಬಳ್ಳಿ ನಾಯಿಗಳ ಶ್ವಾಸಕೋಶದ ಮೇಲೆ ಕರಿ ಚುಕ್ಕೆಗಳು ಇದ್ದೇ ಇರುತ್ತವೆ, ಅವನ್ನು ಬಿಡಬೇಕು; ತಳದ ಗುಲಾಬಿ ಬಣ್ಣ ಎಲ್ಲ ಕಡೆ ಒಂದೇ ಸಮ ಇದೆಯೇ ಎಂಬುದು ಮುಖ್ಯ. ಆಮೇಲೆ ನಳಿಕೆಯ ಬಾಯಿ ಬಿಚ್ಚಿ ಬಿಡುವುದು. ಒಳ್ಳೆಯ ಶ್ವಾಸಕೋಶ ತಟ್ಟನೆ ಕುಗ್ಗುತ್ತದೆ, ಒದ್ದೆಯಾದದ್ದು ಮುಖ ಊದಿಸಿಕೊಂಡು ಹಾಗೇ ಕೂರುತ್ತದೆ. ಆಮೇಲೆ ಬೆರಳಿನಿಂದ ಒತ್ತುವುದು. ಗಾದಿ ಹೊಲಿಯುವವನು ಆಗಷ್ಟೇ ಹಿಂಜಿದ ಹತ್ತಿಯ ಹಾಗೆ ಸಿಗಬೇಕು. ಕೊನೆಗೆ ಶ್ವಾಸಕೋಶದಿಂದ ಹೃದಯಕ್ಕೆ ಮರಳುವ ರಕ್ತವನ್ನು ಸಿರಿಂಜಿನಲ್ಲಿ ಎಳೆದು, ಐಸಿನಲ್ಲಿಟ್ಟು, ಪಾದರಸ ತುಂಬಿದ ಗಾಜಿನ ಯಂತ್ರದಲ್ಲಿ ಅದರ ಆಮ್ಲಜನಕ ಅಳೆಯುವುದು. ಅಷ್ಟೆಲ್ಲ ಆಗುವತನಕ ಸಾಹೇಬರು ಬೂಟಿನ ತುದಿಯಿಂದ ನೆಲ ಕುಟ್ಟುತ್ತ ನಿಂತಿರುತ್ತಿದ್ದರು. "ಬಾಯಾರ, ಹೆಣ್ಣು ನೋಡಾಕ ಬಂದೀರೇನು? ಲಗೂ ಹೇಳ್ರಿ."

ನಾನು ಹೂಂ ಎಂದೆ, ಅವರು ಹೊಲಿದರು, ನಾಯಿ ಮರುದಿನ ಸತ್ತಿತು. ಇನ್ನೊಂದು ನಾಯಿ, ಹಾಗೇ. ಮತ್ತೊಂದು, ಹಾಗೇ. ಸತ್ತ ನಾಯಿಯ ಎದೆ ಬಿಚ್ಚಿದರೆ, ಹಿಂಜಿದ ಹತ್ತಿಯ ಹಾಗಿದ್ದ ಶ್ವಾಸಕೋಶದ ಕೆಳಭಾಗ ಗಟ್ಟಿಯಾಗಿ, ಕಡುಗೆಂಪಾಗಿ, ಯಕೃತ್ತಿನ ಹಾಗೆ ಕೂತಿರುತ್ತಿತ್ತು.

"ದೇಹ ಒಪ್ಪಲಿಲ್ಲ" ಎಂದರು ಸಾಹೇಬರು. ಕೈ ತೊಳೆದುಕೊಳ್ಳಲು ಎಷ್ಟು ಅನುಕೂಲದ ಮಾತು! ಸಹಾಯಕರೂ ಒಬ್ಬರಾದ ಮೇಲೆ ಒಬ್ಬರು "ಹೌದ್ರಿ ಸರ, ದೇಹ ಒಪ್ಪಲಿಲ್ಲ" ಎಂದರು. ನನಗೆ ಮೈ ಉರಿಯಿತು. ಹೊರಗಿನದನ್ನು ದೇಹ ಬೇಡವೆನ್ನುತ್ತದೆ, ಖರೆ. ಆದರೆ ಅದಕ್ಕೂ ಒಂದಿಷ್ಟು ದಿನ ಬೇಕು. ಬಂದ ಬೀಗರ ಮೇಲೂ ಯಾರೂ ಮೊದಲ ದಿನವೇ ಮುನಿಸಿಕೊಳ್ಳುವುದಿಲ್ಲ. ಒಂದು ರಾತ್ರಿಯಲ್ಲಿ ಸತ್ತದ್ದಕ್ಕೆ ಬೇರೆ ಕಾರಣ ಇರಲೇಬೇಕು, ಅದು ಶ್ವಾಸಕೋಶದ ಜೊತೆಗೇ ಬಂದಿರಬೇಕು.

ಹಾಗಿದ್ದರೆ ಅದರ ಜೋಡಿ ಎಲ್ಲಿ? ದಾನಿ ನಾಯಿಗೂ ಎರಡು ಶ್ವಾಸಕೋಶ ಇರುತ್ತವೆ. ಎಡಗಡೆಯದನ್ನು ನಾವು ಐಸಿನಲ್ಲಿಟ್ಟು ರಾಜೋಪಚಾರ ಮಾಡುತ್ತಿದ್ದೆವು. ಬಲಗಡೆಯದು ನಾಯಿಯ ಜೊತೆಗೇ ಸುಡಲು ಹೋಗುತ್ತಿತ್ತು. ಇಷ್ಟು ಜನ ಪಂಡಿತರು ಸೇರಿ, ಅದೇ ಗಾಳಿ ಕುಡಿದ, ಅದೇ ಗಂಟಲಿಗೆ ಅಂಟಿಕೊಂಡ ಆ ಜೋಡಿಯನ್ನು ಒಮ್ಮೆಯೂ ಕೊಯ್ದು ನೋಡಿರಲಿಲ್ಲ. ಆ ಪಂಡಿತರಲ್ಲಿ ನಾನೂ ಒಬ್ಬಳು, ಇರಲಿ.

ಮುಂದಿನ ಸರ್ತಿ ಅದನ್ನು ತೆಗೆಸಿ ತಟ್ಟೆಯಲ್ಲಿ ಇಡಿಸಿಕೊಂಡೆ. ಶ್ವಾಸನಾಳದ ಕವಲುಗಳನ್ನು ಕತ್ತರಿಯಿಂದ ಸೀಳುತ್ತ ಕೆಳಗಿನವರೆಗೆ ಹೋದೆ. ಕೆಳಗಿನ ಸಣ್ಣ ಕವಲುಗಳಲ್ಲಿ ಬಿಳಿ ಕಣಗಳು ಸಿಕ್ಕವು. ಕೀವು ಇರಬಹುದು ಎಂದುಕೊಂಡು ಮೂಗಿನ ಹತ್ತಿರ ಹಿಡಿದೆ. ಹುಳಿ ಹಾಲಿನ ವಾಸನೆ. ನೀಲಿ ಲಿಟ್ಮಸ್ ಕಾಗದ ಒತ್ತಿದರೆ ಕೆಂಪಗಾಯಿತು. ಅಂದರೆ ಆಮ್ಲ, ಹೊಟ್ಟೆಯಿಂದ ಮೇಲೆ ಬಂದದ್ದು. ನಾಯಿಯ ಹೊಟ್ಟೆ ಕೊಯ್ದು ನೋಡಿದೆ. ಒಡೆದ ಹಾಲು, ಅದರಲ್ಲಿ ಇನ್ನೂ ಕರಗದ ಕಂದು ಬಣ್ಣದ ತುಣುಕುಗಳು.

ಧಾರವಾಡದಲ್ಲಿ ಹುಟ್ಟಿ ಬೆಳೆದವಳಿಗೆ ಆ ತುಣುಕು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಪೇಢೆ!

ಅರಿವಳಿಕೆಯ ಮೊದಲ ಪಾಠವೇ ಹಸಿದ ಹೊಟ್ಟೆ. ಹೊಟ್ಟೆ ತುಂಬಿದ್ದರೆ ಮಂಪರು ಏರುವ ಹೊತ್ತಿಗೆ, ನಳಿಕೆ ಇಳಿಸುವ ಮೊದಲೇ, ತಿಂದದ್ದು ಸದ್ದಿಲ್ಲದೆ ಗಂಟಲಿಗೆ ಬಂದು ಎದೆಗೆ ಇಳಿದುಬಿಡುತ್ತದೆ. ಆಗಿಂದಾಗ ಏನೂ ಕಾಣಿಸುವುದಿಲ್ಲ. ಎಕ್ಸ್-ರೇ ಸ್ವಚ್ಛ, ಬಣ್ಣ ಸ್ವಚ್ಛ. ಹುಳಿ ಒಳಗೊಳಗೇ ಸುಡುತ್ತ ಹೋಗಿ ಮರುದಿನ ಶ್ವಾಸಕೋಶ ಬೆಂದು ಗಟ್ಟಿಯಾಗುತ್ತದೆ. ಈ ನಿಯಮವನ್ನು ನಮ್ಮ ಆಸ್ಪತ್ರೆಯಲ್ಲಿ ಸಾಹೇಬರಷ್ಟು ಗಟ್ಟಿಯಾಗಿ ಕೂಗಿ ಹೇಳಿದವರು ಇನ್ನೊಬ್ಬರಿಲ್ಲ. ಆಪರೇಶನ್ ದಿನ ಯಾವಳಾದರೂ ತಾಯಿ ಮಗನಿಗೆ ಕದ್ದು ಗಂಜಿ ಕುಡಿಸಿ ಸಿಕ್ಕಿಬಿದ್ದರೆ ಇಡೀ ವಾರ್ಡು ನಡುಗುವ ಹಾಗೆ ಒದರುತ್ತಿದ್ದರು: "ಕತ್ತೆಗೋಳೇನ್ ನೀವು? ತಿನ್ನಸೂದಂದ್ರ ಪ್ರೀತಿ ಅಂತ ತಿಳದೀರೇನು? ಕೊಲ್ಲೂದು ಅದು, ಕೊಲ್ಲೂದು!"

ಶೆಡ್ಡು ಕಾಯುವ ಅಟೆಂಡರನನ್ನು ಹಿಡಿದು ಜಾಡಿಸಿದೆ. ಅವನು ಎರಡೂ ಕೈ ಎತ್ತಿಬಿಟ್ಟ. "ನನ್ನಾಣಿ ಬಾಯಾರ, ನಾ ಕೊಟ್ಟಿಲ್ರಿ. ನಾ ನನ್ನ ಮಕ್ಕಳಿಗೇ ಪೇಡೆ ತಂದಿಲ್ಲ, ನಾಯಿಗೆ ತರಲೇನ್ರಿ?" ಮಾತು ನ್ಯಾಯವಾಗಿತ್ತು. ಹಾಗಾದರೆ ಯಾರು ಎಂದು ಕೇಳಿದರೆ "ನಸುಕಿನ್ಯಾಗ ಬಂದು ನೋಡ್ರಿ" ಎಂದು ಕಸಬರಿಗೆ ಹಿಡಿದು ಹೋದ.

ಮುಂದಿನ ಪ್ರಯೋಗದ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಶೆಡ್ಡಿಗೆ ಹೋದೆ. ಬಾಗಿಲು ತೆರೆದಿತ್ತು. ಒಳಗೆ ಸಾಹೇಬರು ಕುಕ್ಕರಗಾಲಲ್ಲಿ ಕೂತಿದ್ದರು. ಟೈ ನೆಲಕ್ಕೆ ತಾಗಬಾರದೆಂದು ಹೆಗಲ ಮೇಲೆ ಎಸೆದುಕೊಂಡಿದ್ದರು. ಒಂದು ಕೈಯಲ್ಲಿ ಹಾಲಿನ ಬಟ್ಟಲು, ಇನ್ನೊಂದರಲ್ಲಿ ಪೇಢೆಯ ಪೊಟ್ಟಣ. ದಾನಿ ನಾಯಿ ಬಾಲ ಅಲ್ಲಾಡಿಸುತ್ತ ಅವರ ಕೈ ನೆಕ್ಕುತ್ತಿತ್ತು. ಪಡೆಯುವ ನಾಯಿ ಪಕ್ಕದ ಗೂಡಿನಲ್ಲಿ ಕುಂಯ್ ಎನ್ನುತ್ತಿತ್ತು. ಅದಕ್ಕೆ ಏನೂ ಇಲ್ಲ. ಅದು ಬದುಕುವ ನಾಯಿ, ಅದಕ್ಕೆ ವಿಜ್ಞಾನ.

"ಸರ!" ಎಂದೆ.

ಅವರು ಗಡಬಡಿಸಿ ಎದ್ದರು. ಬಟ್ಟಲನ್ನು ಎಲ್ಲಿ ಅಡಗಿಸುವುದು ತಿಳಿಯದೆ ಬೆನ್ನ ಹಿಂದೆ ಹಿಡಿದರು. ವಿಲಾಯಿತಿ ಸರ್ಜನ್, ಬೆಣ್ಣೆ ಕದ್ದ ಹುಡುಗನ ಹಾಗೆ!

"ಅದು ಸಾಯೂ ಪ್ರಾಣಿ ಅದ" ಎಂದರು. "ನಮ್ಮವ್ವ ಹೇಳ್ಯಾಳ. ಜೀವಾ ತಗೋತೀ, ತಗೋ, ಖರೆ ಹಸದು ಹೋಗಬಾರದು ಅಂತ."

"ನಿಮ್ಮ ಪೇಢೆ ಅದರ ಎದಿಯಾಗ ಸಿಕ್ಕದ ಸರ. ಇಷ್ಟು ನಾಯಿ ಸತ್ತದ್ದು ದೇಹ ಒಪ್ಪಲಾರದಕ್ಕಲ್ಲ, ನೀವು ಉಣಿಸಿದ್ದಕ್ಕ."

"ಒಂದು ಬಟ್ಟಲ ಹಾಲಿಗೆ ಏನ್ ಆಗತದರೀ?"

"ಇದನ್ನ ವಾರ್ಡಿನ್ಯಾಗ ಬಂದು ಹೇಳ್ರಿ ಸರ, ಆ ಗಂಜಿ ಕುಡಿಸಿದಾಕಿ ಮುಂದ."

ಅವರ ಮುಖ ಕೆಂಪಾಯಿತು. "ನಿಮ್ಮ ಕೆಲಸ ಗ್ಯಾಸ್ ಬಿಡೂದು. ಅಷ್ಟ ಮಾಡ್ರಿ" ಎಂದು ಬಟ್ಟಲು ಅಲ್ಲೇ ಇಟ್ಟು ಹೋದರು. ನಾಯಿ ಉಳಿದ ಹಾಲು ಕುಡಿಯಿತು. ಆ ದಿನದ ಪ್ರಯೋಗ ನಿಂತಿತು. ಕಾರಣವನ್ನು ಸಾಹೇಬರು ಯಾರಿಗೂ ಹೇಳಲಿಲ್ಲ.

ತಪ್ಪಾಯಿತು ಎಂಬ ಮಾತು ಬರಲಿಲ್ಲ, ಬರುತ್ತದೆಂದು ನಾನು ಕಾಯಲೂ ಇಲ್ಲ. ಆದರೆ ಪೇಢೆ ನಿಂತಿತು. ಮುಂದಿನ ನಾಯಿ ಮರುದಿನ ಎದ್ದು ನಿಂತಿತು, ಅದರ ಮಾರನೆ ದಿನ ಅನ್ನ ತಿಂದಿತು, ವರಾಂಡದಲ್ಲಿ ಅಡ್ಡಾಡಿ ಸಹಾಯಕನೊಬ್ಬನ ಪ್ಯಾಂಟು ಹರಿಯಿತು. ಒಂದು ವಾರದ ಮೇಲೆ ಅದಕ್ಕೆ ಜ್ವರ ಬಂದು, ಉಸಿರು ಏರಿ ಸತ್ತಿತು. ಅದು ಖರೆಖರೆ ದೇಹ ಒಪ್ಪದ ಸಾವು. ಸಾಹೇಬರು ಮಾತ್ರ ಅದು ಬದುಕಿದ ದಿನಗಳನ್ನಷ್ಟೇ ಹಿಡಿದುಕೊಂಡರು. "ನನ್ನ ಹೊಲಿಗಿ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸಿದರು. ದೇಹ ಒಪ್ಪಿಸಲು ಹೊರದೇಶದಿಂದ ಮಾತ್ರೆ ತರಿಸಿದ್ದೇನೆ, ಇನ್ನು ಮನುಷ್ಯನೇ ಎಂದರು. ಆ ಮಾತ್ರೆಯನ್ನು ನಾಯಿಗಾದರೂ ಕೊಟ್ಟು ನೋಡೋಣ ಎಂದೆ. "ಬಾಯಾರಿಗೆ ಧೈರ್ಯ ಕಡಿಮಿ" ಎಂದು ನಕ್ಕರು. ಸಹಾಯಕರೂ ನಕ್ಕರು.

ಆಮೇಲೆ ದಾನಿ ಬಂದ. ಉಪ್ಪಿನಬೆಟಗೇರಿಯ ಕಡೆಯ ಹುಡುಗ, ಮೇವು ಹೇರಿದ ಚಕ್ಕಡಿಯ ಮೇಲಿನಿಂದ ತಲೆ ಕೆಳಗಾಗಿ ಬಿದ್ದಿದ್ದ. ಗಟ್ಟಿ ಆಳು, ಎದೆಗೆ ಒಂದು ಗೀರೂ ಇಲ್ಲ, ತಲೆ ಮಾತ್ರ ಹೋಗಿತ್ತು. ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಜೊತೆಗೆ ಅವನ ಅಣ್ಣ ಬಂದಿದ್ದ. ಸಾಹೇಬರು ಅವನನ್ನು ಕೂರಿಸಿಕೊಂಡು ಮಾತಾಡಿದರು. ಆ ಅಣ್ಣ, "ಹೋಗೂ ಜೀವ ಸರ. ಯಾರಿಗರ ಉಪಯೋಗ ಆದ್ರ ತಗೋರಿ" ಎಂದ. ಇಡೀ ಪ್ರಕರಣದಲ್ಲಿ ನಾನು ಕೇಳಿದ ಮರ್ಯಾದೆಯ ಮಾತು ಅದೊಂದೇ.

ಬೆಳಿಗ್ಗೆಯ ಎಕ್ಸ್-ರೇ ಸ್ವಚ್ಛವಾಗಿತ್ತು. ಸಾಹೇಬರು ಆ ಫಿಲ್ಮನ್ನು ಕಿಟಕಿಗೆ ಹಿಡಿದು, ಮಗನ ಫೋಟೋ ತೋರಿಸುವ ಹಾಗೆ ಎಲ್ಲರಿಗೂ ತೋರಿಸಿದರು. ಒಬ್ಬ ಪತ್ರಕರ್ತ ಆಗಲೇ ವರಾಂಡದಲ್ಲಿ ಚಹಾ ಕುಡಿಯುತ್ತಿದ್ದ. ಜಿನ್ನಿಂಗ್ ಫ್ಯಾಕ್ಟರಿಯವನ ಎದೆ ಬೋಳಿಸಿ, ಅಯೋಡಿನ್ ಹಚ್ಚಿ, ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರಿನ ಮೇಲೆ ಕೂರಿಸಿದ್ದರು. ನಾನು ಹಾದುಹೋಗುವಾಗ ನನ್ನ ಸೆರಗಿನ ತುದಿ ಹಿಡಿದ. "ನೋಡಿದ್ರೇನ್ರಿ... ಚಲೋ ಐತ್ರೇನು?"

"ಈಗ ನೋಡಾಕ ಹೊಂಟೇನಿ" ಎಂದೆ.

ದಾನಿಯ ಉಸಿರು ನಿಧಾನವಾಗುತ್ತಿತ್ತು. ಹತ್ತಿರ ಹೋಗಿ ಕಿವಿಗೊಟ್ಟೆ. ಎದೆಯ ಮೇಲ್ಭಾಗ ಸ್ವಚ್ಛ. ಕೆಳಗೆ, ಬೆನ್ನ ಕಡೆ, ಒದ್ದೆ ಸದ್ದು. ಹೀರುವ ನಳಿಕೆಯನ್ನು ಗಂಟಲಿನಿಂದ ಶ್ವಾಸನಾಳಕ್ಕೆ ಇಳಿಸಿ ಎಳೆದೆ. ಗಾಜಿನ ಬಾಟಲಿಗೆ ಬಿಳಿ ಬಿಳಿಯಾಗಿ ಬಂತು. ಮತ್ತೊಮ್ಮೆ ಎಳೆದೆ. ಬಿಳಿಯ ಜೊತೆಗೆ ಒಂದು ಹಸಿರು ಚೂರು ಬಾಟಲಿಯ ಗೋಡೆಗೆ ಅಂಟಿತು. ತುಳಸಿ ಎಲೆ.

ಅಣ್ಣ ಬಾಗಿಲಲ್ಲೇ ನಿಂತಿದ್ದ. "ಬಾಯಾಗ ಏನರ ಹಾಕಿದ್ಯೇನಪಾ?" ಎಂದೆ.

"ಹಾಲು ಬಿಟ್ಟೇನ್ರಿ. ತುಳಸಿ ನೀರೂ ಬಿಟ್ಟೇನಿ." ಅವನ ಕಣ್ಣು ತುಂಬಿಕೊಂಡವು. "ಮುಂಜಾನಿಂದ ಏನೂ ಉಂಡಿದ್ದಿಲ್ರಿ ಅಂವ. ಹಸದು ಹೋಗಬಾರದಲ್ರಿ."

ಅದೇ ಮಾತು. ನುಂಗುವ ಶಕ್ತಿ ಇಲ್ಲದವನ ಬಾಯಿಗೆ ಬಿಟ್ಟ ಹಾಲು ಇನ್ನೆಲ್ಲಿಗೆ ಹೋಗಬೇಕು? ಆ ಅಣ್ಣನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾರೂ ಅವನಿಗೆ ಬೇಡವೆಂದು ಹೇಳಿರಲಿಲ್ಲ. ಹೇಳಬೇಕಾದವರು ಏಷ್ಯಾದ ಯೋಚನೆಯಲ್ಲಿದ್ದರು.

ಬಾಟಲಿ ಹಿಡಿದು ಸಾಹೇಬರ ಹತ್ತಿರ ಹೋದೆ. ಅವರು ಕೈ ಉಜ್ಜಿ ತೊಳೆಯುತ್ತಿದ್ದರು.

"ಆಗೂದಿಲ್ಲ ಸರ. ಹಾಲು ಇಳದದ."

"ಎಕ್ಸ್-ರೇ ನೋಡೀರಿಲ್ಲೋ? ಏನೂ ಇಲ್ಲ."

"ಎಕ್ಸ್-ರೇ ಮುಂಜಾನಿದು, ಹಾಲು ಆಮ್ಯಾಲಿಂದು. ನಾಯಿಗೂ ಎಕ್ಸ್-ರೇ ಸ್ವಚ್ಛನ ಇತ್ತು."

ನಾಯಿ ಎಂದೊಡನೆ ಅವರ ಕೈ ನಿಂತಿತು. ಸಹಾಯಕರು ಒಬ್ಬರ ಮುಖ ಒಬ್ಬರು ನೋಡಿದರು. "ಸ್ವಲ್ಪ ಹಾಲು, ತೊಳದ್ರ ಹೋಗತದ" ಎಂದರು ಸಾಹೇಬರು, ಈಗ ದನಿ ತಗ್ಗಿಸಿ. "ಹೊರಗ ಜನ ಕೂತಾರ ಬಾಯಾರ. ಇಂಥಾ ದಾನಿ ಮತ್ತ ಸಿಗೂದಿಲ್ಲ. ಆ ಮನಶ್ಯಾ ಹ್ಯಾಂಗೂ ಉಳಿಯಾಂವಲ್ಲ. ನೀವು ಹೂಂ ಅನ್ರಿ, ಮುಂದಿಂದು ನಾ ನೋಡ್ಕೋತೇನಿ."

ಹ್ಯಾಂಗೂ ಉಳಿಯಾಂವಲ್ಲ! ಆ ಮಾತು ಕೇಳಿ ನನ್ನ ತಲೆ ಕೆಟ್ಟುಹೋಯಿತು. ಬೀದಿನಾಯಿ ಹಸಿದು ಸಾಯಬಾರದೆಂದು ಪೇಢೆ ಹೊತ್ತು ತಂದ ಮನುಷ್ಯ, ಬಾಗಿಲಲ್ಲಿ ಕೂತವನ ಎದೆಗೆ ಹಾಳಾದದ್ದನ್ನು ಹೊಲಿಯಲು ತಯಾರಾಗಿದ್ದರು.

"ನೀವ ಹೇಳಿದ್ದು ಸರ, ನಾ ಹೂಂ ಅಂದ ಮ್ಯಾಲೇ ಚಾಕು ಅಂತ. ನಾ ಊಹೂಂ ಅನ್ನಾಕತ್ತೇನಿ. ಇವನಿಗೆ ನಾ ಅರಿವಳಿಕಿ ಕೊಡೂದಿಲ್ಲ. ಬೇಕಾದ್ರ ನೀವ ಕೊಟ್ಟು, ನೀವ ಹೊಲೀರಿ."

ಅದು ಆಗುವ ಮಾತಲ್ಲ ಎಂದು ಅವರಿಗೂ ಗೊತ್ತಿತ್ತು. ಎದೆ ತೆರೆದವನಿಗೆ ಉಸಿರು ಕೊಡುವುದನ್ನು ಕಲಿತವಳು ಆಗ ಅಲ್ಲಿ ನಾನೊಬ್ಬಳೇ. ಸಾಹೇಬರು ಮುಖಕ್ಕೆ ಕಟ್ಟಿದ ಮಾಸ್ಕು ಕಿತ್ತು ಮೂಲೆಗೆ ಎಸೆದರು.

ಮಧ್ಯಾಹ್ನ ದಾನಿ ಹೋದ. ಅಣ್ಣ ಒಪ್ಪಿದ್ದರಿಂದ ಶವಾಗಾರದಲ್ಲಿ ಎದೆ ತೆರೆದು ನೋಡಿದೆವು. ಎರಡೂ ಶ್ವಾಸಕೋಶಗಳ ಕೆಳಭಾಗ ತೊಯ್ದ ಹತ್ತಿಯ ಹಾಗೆ ಭಾರವಾಗಿತ್ತು. ಕೊಯ್ದರೆ ನೊರೆಯ ಜೊತೆ ಹಾಲು ಜಿನುಗಿತು. ಸಾಹೇಬರು ಬಾಗಿ ನೋಡಿದರು, ನೆಟ್ಟಗಾದರು. "ಎಕ್ಸ್-ರೇ ಮತ್ತೊಮ್ಮಿ ತಗಸಬೇಕಾಗಿತ್ತು. ಆ ಎಕ್ಸ್-ರೇದಾಂವ ಶುದ್ಧ ದಡ್ಡ" ಎಂದು ಹೊರಗೆ ಹೋದರು. ಥೂ ಎನ್ನಿಸಿತು.

ಹೊರಗೆ ಅಣ್ಣ ಚಕ್ಕಡಿ ಹೂಡಿಕೊಂಡು ಕಾಯುತ್ತಿದ್ದ. "ಬಾಯಾರ, ನಮ್ಮ ತಮ್ಮಂದು ಉಪಯೋಗ ಆತೇನ್ರಿ?"

"ಆತಪಾ. ಒಬ್ಬಾಂವನ ಜೀವ ಉಳೀತು" ಎಂದೆ. ಅದು ಸುಳ್ಳಲ್ಲ.

ನನ್ನನ್ನು ಮರುವಾರವೇ ಹೆರಿಗೆ ವಾರ್ಡಿಗೆ ದಬ್ಬಿದರು. ಸಾಹೇಬರು ವರಾಂಡದಲ್ಲಿ ಅಡ್ಡಾಡಿದ ನಾಯಿಯ ಕಥೆ ಹೇಳಲು ಮುಂಬಯಿಗೆ ಹೋದರು. ಅಲ್ಲಿ ಚಪ್ಪಾಳೆ ಬಿತ್ತಂತೆ. ಪೇಢೆಯ ವಿಷಯ ಭಾಷಣದಲ್ಲಿ ಬಂದಿರಲಿಲ್ಲ ಎಂದು ಬೇರೆ ಹೇಳಬೇಕೆ? ತಿರುಗಿ ಬಂದ ಮೇಲೆ ಮೂತ್ರಪಿಂಡದ ಮಾತು ಶುರುವಾಯಿತು. ಮೂಲೆಯ ಮಂಚದವನನ್ನು ಯಾರೂ ಕೇಳಲಿಲ್ಲ. ನಾನು ಹೆರಿಗೆ ವಾರ್ಡಿನ ಕೆಲಸ ಮುಗಿಸಿ ದಿನಾ ಹೋಗಿ, ಅವನನ್ನು ಬಗ್ಗಿಸಿ ಬೆನ್ನು ತಟ್ಟಿ ಕಫ ಇಳಿಸುತ್ತಿದ್ದೆ. ಅವನು ಒಮ್ಮೆಯೂ ನನ್ನನ್ನು ದೂರಲಿಲ್ಲ. "ಚಲೋದು ಬಂದ್ರ... ಹೇಳ್ರಿ" ಎನ್ನುತ್ತಿದ್ದ. ಚಲೋದು ಬರಲಿಲ್ಲ. ದಸರೆ, ದೀಪಾವಳಿ ಕೂತೇ ಕಳೆದ.

ಚಳಿ ಏರಿದ ಮೇಲೆ ಅವನ ಬಲಗಡೆಯದೂ ಸೋತಿತು. ಒಂದು ಮುಂಜಾನೆ ಹೋದಾಗ ಕಣ್ಣು ಅರ್ಧ ತೆರೆದಿತ್ತು, ಕರೆದರೆ ಓಗೊಡಲಿಲ್ಲ. ಹೆಂಡತಿಯ ಕೈಯಲ್ಲಿ ಒಂದು ಬಟ್ಟಲು ಇತ್ತು. ನನ್ನನ್ನು ಕಂಡದ್ದೇ ಅದನ್ನು ಸೆರಗಿನೊಳಗೆ ಅಡಗಿಸಿದಳು. ಸಾಯುವವರ ಬಾಯಿಗೆ ಏನೂ ಹಾಕಬೇಡಿ ಎಂದು ಇಷ್ಟು ತಿಂಗಳು ವಾರ್ಡಿನ ತುಂಬ ಒದರಿಕೊಂಡು ತಿರುಗಿದವಳು ನಾನೇ ಅಲ್ಲವೇ.

"ಏನವಾ ಅದು?"

"ಹಾಲ್ರಿ" ಎಂದಳು, ಹೆದರಿ. "ಹಾಕೂದಿಲ್ರಿ ಬಾಯಾರ. ಸುಮ್ನ ಹಿಡ್ಕೊಂಡೇನಿ."

ಅವನ ಎದೆ ಇನ್ನು ಯಾವ ಪರೀಕ್ಷೆಗೂ ಬೇಕಾಗಿರಲಿಲ್ಲ. ನಾನು ಅವನ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದೆ.

"ಹಾಕವಾ" ಎಂದೆ. "ಸಾವಕಾಶ ಹಾಕು. ಹಸದು ಹೋಗಬಾರದು."

ಒಂದು ಚಮಚ ಹಾಲು ತುಟಿಯಲ್ಲಿ ಇಳಿದು, ಗದ್ದದ ಮೇಲೆ ಹರಿಯಿತು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು. ಅವಳು ಗಂಡನ ಬೆನ್ನ ಹಿಂದಿನ ದಿಂಬುಗಳನ್ನೇ ನೋಡುತ್ತಿದ್ದಳು.

"ಈಗ ಮಲಗಸಬಹುದೇನ್ರಿ ಬಾಯಾರ?"

"ಮಲಗಸವಾ" ಎಂದೆ. ಅವಳು ಹೆಗಲು ಹಿಡಿದಳು, ನಾನು ದಿಂಬುಗಳನ್ನು ಒಂದೊಂದಾಗಿ ತೆಗೆದೆ.